ಅರಬ್ಬೀ ಮೀಮಾಂಸಕರು

ಜೀವನೋಪಾಯಕ್ಕಾಗಿ ಸಮುದ್ರವನ್ನು ದಾಟಿ ಕೊಲ್ಲಿಯ ರಾಜ್ಯಗಳನ್ನು ಸೇರಿದ ನಮ್ಮ ಕರಾವಳಿಯ ಜನರಲ್ಲಿ, ಆ ನೆಲದ ಭಾಷೆಯ ವಿಷಯವಾಗಿ ಎರಡು ಪಂಗಡಗಳಿರುವುದನ್ನು ಎಲ್ಲರೂ ಬಲ್ಲರು. ಮೂವತ್ತು ವರ್ಷ ಅಲ್ಲಿ ದುಡಿದು, 'ಮಾಫಿ ಮುಶ್ಕಿಲ್' ಎಂಬ ಎರಡೇ ಪದಗಳ ಬಲದಿಂದ ಊರಿನಲ್ಲಿ ಮನೆ ಕಟ್ಟಿಸಿ, ತಂಗಿಯರ ಮದುವೆ ಮಾಡಿಸಿ, ಪೆಟ್ಟಿಗೆ ಕಟ್ಟಿಕೊಂಡು ಮರಳುವವರು ಒಂದು ಪಂಗಡ. ಯಾರು ಕಲಿಸಿದರು, ಎಂದು ಕಲಿತೆವು ಎಂಬುದು ತಮಗೇ ತಿಳಿಯದಂತೆ ಅರಬರೊಡನೆ ಹರಟೆ ಹೊಡೆಯುವಷ್ಟು ಭಾಷೆಯನ್ನು ಗಳಿಸಿಬಿಡುವವರು ಇನ್ನೊಂದು ಪಂಗಡ. ಆದರೆ ಸಂಖ್ಯೆಯಲ್ಲಿ ಅಲ್ಪವಾಗಿ ಗಾಂಭೀರ್ಯದಲ್ಲಿ ಇವೆರಡನ್ನೂ ಮೀರಿಸುವ ಮೂರನೆಯದೊಂದು ಪಂಗಡವುಂಟು. ಅರಬ್ಬಿಯನ್ನು ಕಲಿಯಲೇಬೇಕೆಂದು ದೃಢಸಂಕಲ್ಪ ಮಾಡಿ, ಕಲಿಯುವ ಮೊದಲು ಯಾವ ಅರಬ್ಬಿಯನ್ನು ಕಲಿಯಬೇಕೆಂಬುದನ್ನು ನಿಷ್ಕರ್ಷಿಸಬೇಕೆಂದು ಹೊರಟು, ಆ ನಿಷ್ಕರ್ಷೆಯಲ್ಲಿಯೇ ಆಯುಷ್ಯದ ಉತ್ತಮ ಭಾಗವನ್ನು ಸಂತೋಷವಾಗಿ ಕಳೆಯುವ ಈ ಮಹನೀಯರನ್ನು ನಾನು ಮೀಮಾಂಸಕರೆಂದು ಕರೆಯುವೆನು.

ದುಬೈ, ದೋಹಾ, ಮಸ್ಕತ್, ಯಾವ ನಗರದ ಕನ್ನಡಿಗರ ಕೂಟಕ್ಕೆ ಹೋದರೂ ಇವರಲ್ಲೊಬ್ಬರು ಸಿಕ್ಕೇ ಸಿಗುವರು. ನಾನಿಲ್ಲಿ ಚಿತ್ರಿಸಹೊರಟಿರುವುದು ಕುವೈತಿನ ಮೂರ್ತಿಯನ್ನು. ಉಡುಪಿಯ ಕಡೆಯವರು, ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಉದ್ಯೋಗ, ಜಲೀಬ್ ಅಲ್ ಶುಯೂಖ್ ಎಂಬ ಬಡಾವಣೆಯಲ್ಲಿ ಮೂರನೆಯ ಮಾಳಿಗೆಯ ಮನೆ. ನಡುಮನೆಯಲ್ಲಿ ಟೆಲಿವಿಷನ್ ಇರಬೇಕಾದ ಸ್ಥಳದಲ್ಲಿ ಕಪಾಟು. ಕಪಾಟಿನಲ್ಲಿ ರೈಟ್ ಮಹಾಶಯನ ಎರಡು ಸಂಪುಟಗಳ ವ್ಯಾಕರಣ. ಅದರ ಪಕ್ಕದಲ್ಲಿ ಹಾನ್ಸ್ ವೆಹ್ರ್ ಎಂಬ ಜರ್ಮನ್ ಪಂಡಿತನ ನಿಘಂಟು. ಪದಗಳನ್ನು ಅವುಗಳ ಮೊದಲ ಅಕ್ಷರಕ್ಕನುಸಾರವಾಗಿ ಹುಡುಕಲು ಬಿಡದೆ, ಮೂರು ವ್ಯಂಜನಗಳ ಧಾತುವನ್ನು ಮೊದಲು ಊಹಿಸಿ ಬಾ ಎಂದು ಓದುಗನನ್ನು ಹಿಂದಕ್ಕೆ ಕಳುಹಿಸುವ ಈ ನಿಘಂಟು ಸಾಮಾನ್ಯರಿಗೆ ಶಿಕ್ಷೆಯಾದರೆ, ಬಾಲ್ಯದಲ್ಲಿ ಸಂಸ್ಕೃತದ ಧಾತುರೂಪಗಳನ್ನು ಉರುಹೊಡೆದಿದ್ದ ನಮ್ಮ ಮೀಮಾಂಸಕರಿಗೆ ಪರಮಾನಂದ. ಕ, ತ, ಬ ಎಂಬ ಮೂರಕ್ಷರಗಳಿಂದ ಕಿತಾಬ್, ಕಾತಿಬ್, ಮಕ್ತಬ್, ಮಕ್ತಬಾ ಇತ್ಯಾದಿಗಳು ಹೇಗೆ ಉದ್ಭವಿಸುವುವೆಂಬುದನ್ನು ಅವರ ಮನೆಯಲ್ಲಿ ಕಾಫಿ ಕುಡಿದ ಪ್ರತಿಯೊಬ್ಬನೂ ಬಲ್ಲನು; ಕಾಫಿಗೆ ಸಕ್ಕರೆ ಸಾಲದೆಂದು ಹೇಳಲು ಅವಕಾಶ ದೊರೆತವರು ಮಾತ್ರ ವಿರಳ.

ಮೊದಲಿಗೆ ಅವರ ಒಲವು ಫುಸ್ಹಾದ ಕಡೆಗೆ, ಅಂದರೆ ಶಿಷ್ಟ ಅರಬ್ಬಿಯ ಕಡೆಗೆ, ಇದ್ದಿತು. ಕುರಾನಿನಿಂದ ಮೊದಲುಗೊಂಡು ಇಂದಿನ ವೃತ್ತಪತ್ರಿಕೆಯವರೆಗೆ ಬರೆಹದಲ್ಲಿ ಆಳುವ, ಮೊರಾಕೋದಿಂದ ಇರಾಕಿನವರೆಗೆ ವಿದ್ಯಾವಂತರಿಗೆಲ್ಲ ಸಮಾನವಾದ, ವಿಭಕ್ತಿಪ್ರತ್ಯಯಗಳಿಂದ ಸರ್ವಾಲಂಕೃತವಾದ ಇಂತಹ ಭಾಷೆಯಿರುವಾಗ ಬೀದಿಯ ಮಾತು ಏತಕ್ಕೆ ಎಂಬುದು ಅವರ ವಾದ. ಈ ವಾದವನ್ನು ಕಾರ್ಯರೂಪಕ್ಕೆ ತರಲು ಅವರು ಒಂದು ಸಂಜೆ ಬಡಾವಣೆಯ ತಂದೂರಿ ರೊಟ್ಟಿಯ ಅಂಗಡಿಯ ಸಾಲಿನಲ್ಲಿ ನಿಂತರು. ಬೇಕಾದುದು ಐದು ರೊಟ್ಟಿ. ಆದರೆ ಶಿಷ್ಟ ಅರಬ್ಬಿಯಲ್ಲಿ ಮೂರರಿಂದ ಹತ್ತರವರೆಗಿನ ಸಂಖ್ಯೆಗಳು, ಎಣಿಸಲ್ಪಡುವ ವಸ್ತು ಪುಲ್ಲಿಂಗವಾದರೆ ತಾವು ಸ್ತ್ರೀಲಿಂಗದ ರೂಪವನ್ನೂ, ಅದು ಸ್ತ್ರೀಲಿಂಗವಾದರೆ ತಾವು ಪುಲ್ಲಿಂಗದ ರೂಪವನ್ನೂ ಧರಿಸಿ ನಿಲ್ಲುವುವು. ರೊಟ್ಟಿಯ ಲಿಂಗವಾವುದು, ಅದರ ಬಹುವಚನವಾವುದು, ಆ ಬಹುವಚನಕ್ಕೆ ಹತ್ತಬೇಕಾದ ವಿಭಕ್ತಿ ಯಾವುದು ಎಂಬುದನ್ನೆಲ್ಲ ಸಾಲು ಸರಿಯುತ್ತಿದ್ದಂತೆ ಮನಸ್ಸಿನಲ್ಲಿಯೇ ಸಾಧಿಸುತ್ತ, ತಮ್ಮ ಸರದಿ ಬಂದೊಡನೆ ಕಣ್ಣು ಮುಚ್ಚಿ, 'ಉರೀದು ಖಮ್ಸತ ಅರ್ಘಿಫತಿನ್' ಎಂದು ಅವರು ಘೋಷಿಸಿದರು. ವಾಕ್ಯದಲ್ಲಿ ಒಂದು ಸ್ವರವೂ ತಪ್ಪಿರಲಿಲ್ಲ. ತಂದೂರಿನ ಬಳಿ ನಿಂತಿದ್ದ ಅಫಘಾನಿ ಬೆವರನ್ನೊರಸಿಕೊಂಡು, 'ಕಿತ್ನಾ, ಭಾಯಿ?' ಎಂದನು.

ಫುಸ್ಹಾವನ್ನು ಮನೆಯ ಮಾತಾಗಿ ಆಡುವವರು ಪ್ರಪಂಚದಲ್ಲಿ ಯಾರೂ ಇಲ್ಲವೆಂಬ ಸಂಗತಿ ಅವರಿಗೆ ಆಮೇಲೆ ಪುಸ್ತಕಗಳಿಂದಲೇ ತಿಳಿಯಿತು. ಫರ್ಗ್ಯೂಸನ್ ಎಂಬ ಅಮೆರಿಕದ ವಿದ್ವಾಂಸನು 1959ರಲ್ಲಿ ಒಂದು ಪ್ರಬಂಧವನ್ನು ಬರೆದು, ಒಂದೇ ಸಮಾಜದಲ್ಲಿ ಬರೆಹಕ್ಕೂ ಭಾಷಣಕ್ಕೂ ಒಂದು ಉನ್ನತ ರೂಪ, ಮನೆಗೂ ಮಾರುಕಟ್ಟೆಗೂ ಒಂದು ಸಾಮಾನ್ಯ ರೂಪ, ಹೀಗೆ ಎರಡು ಭಾಷೆಗಳು ಒಟ್ಟಿಗೆ ಬಾಳುವುದನ್ನು ವಿವರಿಸಿದ್ದಾನಷ್ಟೆ. ಅರಬ್ಬಿ ಅವನ ಉದಾಹರಣೆಗಳಲ್ಲಿ ಪ್ರಧಾನವಾದುದು. ಅದನ್ನೋದಿದ ಮೀಮಾಂಸಕರು ಆಮ್ಮಿಯ್ಯಾ, ಅಂದರೆ ಆಡುಮಾತು, ಅನಿವಾರ್ಯವೆಂದು ಒಪ್ಪಿದರು. ಒಪ್ಪಿದ್ದೇ ತಡ, ಯಾವ ಆಡುಮಾತು ಎಂಬ ಮಹಾಪ್ರಶ್ನೆ ಉದ್ಭವಿಸಿತು.

ಅವರ ಕಚೇರಿಯೇ ಒಂದು ಸಣ್ಣ ಅರಬ್ ಒಕ್ಕೂಟ. ಎದುರು ಮೇಜಿನ ಈಜಿಪ್ಟಿನ ಗುಮಾಸ್ತರು, ಕೈರೋದ ಮಾತನ್ನು ಬಿಟ್ಟು ಬೇರೇನನ್ನಾದರೂ ಕಲಿಯುವುದು ಹಣವನ್ನು ನೀಲನದಿಗೆ ಎಸೆದಂತೆ ಎಂದರು. ಅರಬರ ಚಲಚ್ಚಿತ್ರಗಳೆಲ್ಲ ಯಾವ ಭಾಷೆಯಲ್ಲಿವೆ? ಪ್ರತಿ ತಿಂಗಳ ಮೊದಲ ಗುರುವಾರದ ರಾತ್ರಿ ಉಮ್ ಕುಲ್ಸೂಮ್ ಹಾಡುವಾಗ ರೇಡಿಯೋದ ಮುಂದೆ ಅರಬ್ ಜಗತ್ತೆಲ್ಲ ಕುಳಿತು ಕೇಳಿದ್ದು ಯಾರ ಉಚ್ಚಾರಣೆಯನ್ನು? ವಾದ ಪ್ರಬಲವಾಗಿತ್ತು. ಮಾರನೆಯ ದಿನ ಸಿರಿಯಾದ ಇಂಜಿನಿಯರರು ಬಂದು, ಆ ಕಾಲ ಹೋಯಿತು, ಈಗ ತುರ್ಕಿಯ ಧಾರಾವಾಹಿಗಳು ಕೂಡ ಮನೆಮನೆಗೆ ಬಂದದ್ದು ನಮ್ಮ ದಮಾಸ್ಕಸ್ಸಿನ ಬಾಯಿಯ ಮೂಲಕ, ಹೆಂಗಸರು ಕೇಳಿ ಕಣ್ಣೀರಿಡುವುದು ನಮ್ಮ ಮಾತಿಗೆ, ಎಂದರು. ಕುವೈತಿನವರೇ ಆದ ವ್ಯವಸ್ಥಾಪಕರು ಮೀಸೆಯನ್ನು ತೀಡಿಕೊಂಡು, ಯಾವ ನೆಲದ ಉಪ್ಪನ್ನು ತಿನ್ನುವಿರೋ ಆ ನೆಲದ ಮಾತನ್ನಲ್ಲವೇ ಕಲಿಯಬೇಕಾದುದು ಎಂದು ಕೇಳಿದರು. ಸಂಬಳ ಕೊಡುವವರ ವಾದವಾದುದರಿಂದ ಇದಕ್ಕೆ ಹೆಚ್ಚಿನ ಪ್ರಮಾಣ ಬೇಕಿರಲಿಲ್ಲ. ಮೊರಾಕೋದಿಂದ ಬಂದಿದ್ದ ಯುವಕನೂ ತನ್ನ ಮಾತಿನ ಪರವಾಗಿ ದೀರ್ಘಕಾಲ ಭಾಷಣ ಮಾಡಿದನಾದರೂ, ಅವನು ಸ್ವರಗಳನ್ನೆಲ್ಲ ನುಂಗಿ ವ್ಯಂಜನಗಳನ್ನು ಮಾತ್ರ ಉಗುಳುತ್ತಿದ್ದುದರಿಂದ ಅಲ್ಲಿದ್ದ ಉಳಿದ ಅರಬರಿಗೂ ಅರ್ಥವಾಗಲಿಲ್ಲ. ತಮ್ಮ ತಮ್ಮ ಆಡುಮಾತೇ ಫುಸ್ಹಾಕ್ಕೆ ಎಲ್ಲಕ್ಕಿಂತ ಸಮೀಪವಾದುದು ಎಂದು ಪ್ರತಿಯೊಬ್ಬರೂ ಎದೆಯ ಮೇಲೆ ಕೈಯಿಟ್ಟು ಹೇಳಿದರು. ಅರಬ್ ಒಕ್ಕೂಟದ 22 ರಾಷ್ಟ್ರಗಳು ಒಮ್ಮತದಿಂದ ಹೇಳಬಲ್ಲ ಮಾತು ಬಹುಶಃ ಇದೊಂದೇ ಇರಬೇಕು.

ಇಂತಹ ಸಂದರ್ಭದಲ್ಲಿ ಅವಿವೇಕಿಯು ಯಾವುದಾದರೊಂದನ್ನು ಹಿಡಿದು ಕಲಿಯತೊಡಗುವನು. ಮೀಮಾಂಸಕರು ಒಂದು ಪಟವನ್ನು ರಚಿಸಿದರು. 'ಈಗ' ಎಂಬ ಒಂದೇ ಪದಕ್ಕೆ ಶಿಷ್ಟರು ಅಲ್ ಆನ ಎನ್ನುವರು, ಕೈರೋದವರು ದಿಲ್‌ವಅತಿ, ದಮಾಸ್ಕಸ್ಸಿನವರು ಹಲ್ಲಅ, ಕುವೈತಿನವರು ಅಲ್‌ಹೀನ್, ಬಾಗ್ದಾದಿನವರು ಹಸ್ಸಾ, ಟ್ಯೂನಿಸ್ಸಿನವರು ತವ್ವಾ, ಮೊರಾಕೋದವರು ದಾಬಾ. ಇವಿಷ್ಟನ್ನೂ ಬಣ್ಣಬಣ್ಣದ ಶಾಯಿಯಲ್ಲಿ ಬರೆದು ಗೋಡೆಗೆ ತೂಗುಹಾಕಿ, ಅದರ ಕೆಳಗೆ ಕುಳಿತು, ಮುಂದಿನ ವರ್ಷದಿಂದ ಪಾಠವನ್ನು ಆರಂಭಿಸುವುದೆಂದು ಅವರು ನಿಶ್ಚಯಿಸಿದರು. ಅಕ್ಷರಗಳ ಪಟ ಇನ್ನೂ ದೊಡ್ಡದು. ಕಾಫ್ ಎಂಬ ಕಂಠಮೂಲದ ಅಕ್ಷರವು ಶಿಷ್ಟರಲ್ಲಿ ಇದ್ದಂತೆಯೇ ಇರುವುದು. ಕೈರೋದಲ್ಲಿ ಅದು ಗಂಟಲಿನ ಒಂದು ತಡೆಯಾಗಿ ಮಾಯವಾಗುವುದು. ಕುವೈತಿನಲ್ಲಿ ಗಕಾರವಾಗುವುದು, ಕೆಲವೆಡೆ ಜಕಾರವೂ ಆಗುವುದು. ಬಾವಿಯೆಂಬ ಅರ್ಥದ ಕಲೀಬ್ ಎಂಬುದೇ ತಮ್ಮ ಬಡಾವಣೆಯ ಹೆಸರಿನಲ್ಲಿ ಜಲೀಬ್ ಆಗಿ ಕುಳಿತಿದೆಯೆಂದು ತಿಳಿದ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಹಾಗಾದರೆ ಮೂಲತಃ ಜಕಾರವೇ ಆಗಿದ್ದ ಜಕಾರದ ಗತಿಯೇನು? ಅದು ಕೈರೋದಲ್ಲಿ ಗಕಾರ, ಕುವೈತಿಗರ ಬಾಯಲ್ಲಿ ಎಷ್ಟೋ ಸಲ ಯಕಾರ. ದಜಾಜ್ ಎಂಬ ಕೋಳಿಯು ಕುವೈತಿನಲ್ಲಿ ದಿಯಾಯ್ ಆಗುವುದನ್ನೂ, ಕೈರೋದಲ್ಲಿ ಫಿರಾಖ್ ಎಂಬ ಬೇರೆಯ ನಾಮಧೇಯವನ್ನೇ ಧರಿಸುವುದನ್ನೂ ಅವರು ಒಂದು ತಿಂಗಳು ಸಂಶೋಧಿಸಿ ಕಂಡುಕೊಂಡರು. ತಾವು ಜನ್ಮತಃ ಸಸ್ಯಾಹಾರಿಗಳು, ಕೋಳಿಯನ್ನು ಯಾವ ದೇಶದಲ್ಲಿಯೂ ಕೇಳಬೇಕಾದ ಪ್ರಸಂಗವಿಲ್ಲ ಎಂಬುದು ಆ ತಿಂಗಳಲ್ಲಿ ಅವರಿಗೆ ಹೊಳೆಯಲಿಲ್ಲ.

ಇವರನ್ನು ಕೇವಲ ಹಾಸ್ಯಕ್ಕೆ ಗುರಿಮಾಡುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ನಮ್ಮಲ್ಲಿಗೆ ಬಂದ ಪರದೇಶಿಯೊಬ್ಬನು ಧಾರವಾಡದ ಕನ್ನಡವೋ ಮೈಸೂರಿನದೋ ಕುಂದಾಪುರದ್ದೋ ಎಂದು ಚಿಂತಿಸುತ್ತ ಕುಳಿತರೆ, ಯಾವುದಾದರೂ ಆದೀತು, ಮೊದಲು ಬಾಯಿ ಬಿಡಯ್ಯಾ ಎಂದು ನಾವು ಹೇಳಬಹುದು; ಅವನಾಡಿದ್ದು ಎಲ್ಲಿಯಾದರೂ ತಿಳಿದೀತು. ಕೈರೋದ ಮಾತಿಗೂ ಮೊರಾಕೋದ ಮಾತಿಗೂ ನಡುವೆ ಇರುವ ಅಂತರವಾದರೋ ಇದಕ್ಕಿಂತ ಬಹಳ ಹಿರಿದು. ನಗೀಬ್ ಮಹಫೂಜ್‌ರಂತಹ ಮಹಾಲೇಖಕರು, 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು, ಕೈರೋದ ಗಲ್ಲಿಗಳ ಚಹಾದಂಗಡಿಯಲ್ಲಿ ಕುಳಿತವರ ಸಂಭಾಷಣೆಯನ್ನು ಕೂಡ ಫುಸ್ಹಾದಲ್ಲಿಯೇ ಬರೆದರು. ನಾಟಕಕಾರ ತೌಫೀಕ್ ಅಲ್ ಹಕೀಮರು ಇದಕ್ಕೆ ಪರಿಹಾರವೆಂದು 'ಮೂರನೆಯ ಭಾಷೆ'ಯೊಂದನ್ನು ಯೋಚಿಸಿ, ಶಿಷ್ಟವಾಗಿ ಓದಿದರೆ ಶಿಷ್ಟವೂ ಆಡುಮಾತಾಗಿ ಓದಿದರೆ ಆಡುಮಾತೂ ಆಗುವಂತೆ 1956ರಲ್ಲಿ 'ಅಲ್ ಸಫ್ಕಾ' ಎಂಬ ನಾಟಕವನ್ನು ರಚಿಸಿದರು. ಅರಬರಲ್ಲಿಯೇ ಹಿರಿಯರಾದವರು ಹೀಗೆ ತೊಳಲಾಡಿರುವಾಗ ಉಡುಪಿಯವರೊಬ್ಬರು ತೊಳಲಾಡುವುದರಲ್ಲಿ ತಪ್ಪೇನು? ಆದರೆ ಹಕೀಮರ ಸಂಗತಿಯನ್ನು ನಾನು ಅವರಿಗೆ ತಿಳಿಸಿದ್ದು ಉಚಿತವಾಗಲಿಲ್ಲವೆಂದು ತೋರುತ್ತದೆ. ಆ ಮೂರನೆಯ ಭಾಷೆಯು ಲೋಕದಲ್ಲಿ ನೆಲೆಗೊಳ್ಳುವವರೆಗೆ ಕಾಯುವುದೇ ಲೇಸೆಂದು ಅವರು ಒಡನೆಯೇ ನಿರ್ಧರಿಸಿದರು. ಬ್ರಿಟಿಷರು ತಮ್ಮ ರಾಯಭಾರಿಗಳಿಗೆ ಅರಬ್ಬಿಯನ್ನು ಕಲಿಸಲು ಬೈರೂತಿನ ಮೇಲಣ ಬೆಟ್ಟದಲ್ಲಿ, ಶೆಮ್ಲಾನ್ ಎಂಬ ಹಳ್ಳಿಯಲ್ಲಿ ನಡೆಸುತ್ತಿದ್ದ ಶಾಲೆಯು, ಊರವರ ಬಾಯಲ್ಲಿ ಗೂಢಚಾರರ ಪಾಠಶಾಲೆಯಾಗಿದ್ದುದು, 1978ರಲ್ಲಿ ಮುಚ್ಚಿಹೋದುದಕ್ಕಾಗಿ ಅವರಿಗಿರುವ ವ್ಯಥೆಯೂ ಅಷ್ಟಿಷ್ಟಲ್ಲ. ತಮಗೆ ತಕ್ಕ ವಿದ್ಯಾಸಂಸ್ಥೆ ಅದೊಂದೇ ಇದ್ದಿತಂತೆ.

ಇಷ್ಟರಲ್ಲಿ ಅವರ ಗೃಹಿಣಿ ಅರಬ್ಬಿಯನ್ನು ಕಲಿತುಬಿಟ್ಟಿದ್ದರು. ಈ ಅಪಘಾತವು ಲಿಫ್ಟಿನಲ್ಲಿ ಸಂಭವಿಸಿತು. ನಾಲ್ಕನೆಯ ಮಾಳಿಗೆಯಲ್ಲಿ ಈಜಿಪ್ಟಿನ ಸಂಸಾರವೊಂದು ವಾಸವಾಗಿದ್ದು, ಆ ಮನೆಯಾಕೆಗೂ ಈಕೆಗೂ ಮೊದಲು ನಗೆಯ, ಅನಂತರ ಕೊತ್ತಂಬರಿಸೊಪ್ಪಿನ, ಆಮೇಲೆ ಮಕ್ಕಳ ಜ್ವರದ ಸಂಬಂಧ ಬೆಳೆಯಿತು. ಮಲೂಖಿಯ್ಯಾ ಎಂಬ ಸೊಪ್ಪಿನ ಸಾರು ಮೇಲಿನಿಂದ ಕೆಳಗೂ, ಸಾರಿನ ಪುಡಿ ಕೆಳಗಿನಿಂದ ಮೇಲಕ್ಕೂ ಸಂಚರಿಸತೊಡಗಿದವು. ಅವುಗಳ ಜೊತೆಗೆ ಕ್ರಿಯಾಪದಗಳೂ ಸಂಚರಿಸಿದವು. ಕಟ್ಟಡದ ಕಾವಲುಗಾರನು ಸುಡಾನಿನವನು, ತರಕಾರಿ ಮಾರುವವನು ಇರಾಕಿನವನಾದುದರಿಂದ ಅವರವರ ಪದಗಳೂ ಬಂದು ಸೇರಿದವು. ಒಂದು ಶುಕ್ರವಾರ ಈಕೆ ಬಾಗಿಲಲ್ಲಿ ನಿಂತು ಕಾವಲುಗಾರನನ್ನು ನೀರು ನಿಂತುಹೋದ ವಿಷಯವಾಗಿ ಅರ್ಧ ಗಳಿಗೆ ನಿರರ್ಗಳವಾಗಿ ಗದರಿಸುತ್ತಿರುವುದನ್ನು ಕೇಳಿದ ಮೀಮಾಂಸಕರು, ಕೈಯಲ್ಲಿದ್ದ ವ್ಯಾಕರಣವನ್ನು ಮಡಚಿ, ಬೆರಗಿನಿಂದಲೂ ವೇದನೆಯಿಂದಲೂ ಎದ್ದು ಬಂದರು.

"ಇದು ಯಾವ ಅರಬ್ಬಿ ನೀನು ಮಾತಾಡಿದ್ದು? ಆರಂಭ ಕೈರೋ, ನಡುವೆ ಬಾಗ್ದಾದ್, ಕೊನೆಗೆ ಕುವೈತು. ಯಾವ ದೇಶದ ಭಾಷೆ ಇದು ಮಾರಾಯ್ತಿ?"

"ನಾಲ್ಕನೇ ಮಾಳಿಗೆದು ಅಂತ ಇಟ್ಕೊಳ್ಳಿ," ಎಂದರು ಗೃಹಿಣಿ. "ನೀರು ಬಂತು, ನೀವು ಮೊದಲು ಸ್ನಾನಕ್ಕೆ ಹೋಗಿ."

ಸಂಕರಭಾಷೆಯ ದೋಷಗಳ ಮೇಲೆ ಅವರು ಆ ದಿನ ಸ್ನಾನಾನಂತರ ಮಾಡಿದ ಉಪನ್ಯಾಸವನ್ನು ಕೇಳುವ ಭಾಗ್ಯ ನನಗೂ ಒದಗಿತ್ತು. ಈ ದೋಷವನ್ನು ಸ್ಥಳೀಯರೂ ಮಾಡಿರುವರು, ನೇರವಾಗಿ ಹೋಗು ಎನ್ನಲು ಅವರು ಹೇಳುವ 'ಸೀದಾ' ನಮ್ಮ ಕಡೆಯಿಂದ ಹೋದುದು, ಈ ಕುವೈತಿನ ಪೇಟೆಯಲ್ಲಿ 1961ರವರೆಗೂ ನಡೆದುದು ನಮ್ಮ ರೂಪಾಯಿಯೇ, ನಾಣ್ಯ ಬಂದ ದಾರಿಯಲ್ಲಿ ಮಾತೂ ಬಂದಿದ್ದರೆ ಆಶ್ಚರ್ಯವಿಲ್ಲ ಎಂದು ನಾನು ನಿವೇದಿಸಿಕೊಂಡೆನು. ಅವರು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರೇ ವಿನಾ ಸಮಾಧಾನ ಹೊಂದಲಿಲ್ಲ.

ಆದರೂ ಕನ್ನಡಿಗರ ಸಮಾಜದಲ್ಲಿ ಅವರಿಗಿರುವ ಗೌರವ ಗೃಹಿಣಿಗಿಲ್ಲ. ಊರಿನಿಂದ ಹೊಸದಾಗಿ ಬಂದ ತರುಣರು ಅರಬ್ಬಿಯನ್ನು ಕಲಿಯುವ ಆಸೆಯನ್ನು ಬಾಯಿತಪ್ಪಿ ಹೇಳಿದರೆ ಸಾಕು, ಹಿರಿಯರು ಅವರನ್ನು ನೇರವಾಗಿ ಈ ಮೂರನೆಯ ಮಾಳಿಗೆಗೆ ಕಳುಹಿಸುವರು. ಅಲ್ಲಿ ಶುಕ್ರವಾರದ ಊಟದಿಂದ ದೀಪ ಹಚ್ಚುವವರೆಗೆ ಧಾತುಗಳು, ಪಟಗಳು, ಕಾಫಿನ ಅವತಾರಗಳು, ಫರ್ಗ್ಯೂಸನ್ನನ ಪ್ರಬಂಧ, ಎಲ್ಲವೂ ಕ್ರಮವಾಗಿ ನಿರೂಪಿಸಲ್ಪಡುವುವು. ಬಂದಾಗ ಹತ್ತು ಪದಗಳನ್ನಾದರೂ ಬಲ್ಲ ತರುಣನು ಇಳಿದು ಹೋಗುವಾಗ ಅವುಗಳನ್ನೂ ಆಡಲು ಅಂಜುವನು. ಅವನು ಲಿಫ್ಟಿಗಾಗಿ ಕಾಯುವಾಗ ಗೃಹಿಣಿ ಅಡುಗೆಮನೆಯ ಬಾಗಿಲಿಂದ ಕೈಬೀಸಿ ಕರೆದು, "ಅಪ್ಪಿ, ಬಸ್ಸಿನವನ ಹತ್ರ ಇಷ್ಟು ಹೇಳು ಸಾಕು," ಎಂದು ಎರಡು ವಾಕ್ಯಗಳನ್ನು ಗುಟ್ಟಾಗಿ ಹೇಳಿಕೊಡುವರೆಂಬ ವದಂತಿಯುಂಟು.

ಕಳೆದ ಬೇಸಗೆಯಲ್ಲಿ ಮೀಮಾಂಸಕರ ಮುಖದಲ್ಲಿ ಅಪೂರ್ವವಾದ ತೇಜಸ್ಸು ಕಂಡಿತು. ಕೊನೆಗೂ ನಿಷ್ಕರ್ಷೆಯಾಯಿತೆಂದು ಅವರು ಸಾರಿದರು. ಮೆಡಿಟರೇನಿಯನ್ ಸಮುದ್ರದ ನಡುವಣ ಮಾಲ್ಟಾ ದ್ವೀಪದ ಭಾಷೆಯು ಅರಬ್ಬಿಯಿಂದಲೇ ಹುಟ್ಟಿದುದು. ಇಟಲಿಯ ಪದಗಳನ್ನು ಧಾರಾಳವಾಗಿ ಸ್ವೀಕರಿಸಿರುವುದು. ರೋಮನ್ ಲಿಪಿಯಲ್ಲಿ ಬರೆಯಲ್ಪಡುವುದರಿಂದ ಬಲದಿಂದ ಎಡಕ್ಕೆ ಓದುವ ತೊಂದರೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬರೆಯುವುದೂ ಆಡುವುದೂ ಅಲ್ಲಿ ಒಂದೇ, ಫುಸ್ಹಾದ ಕಾಟವೇ ಇಲ್ಲ. ಯುರೋಪಿನ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಈ ಕುಲದ್ದು ಇದೊಂದೇ. ಕುವೈತಿನಲ್ಲಿ ಅದನ್ನು ಯಾರೊಡನೆ ಆಡುವುದು ಎಂಬ ಕ್ಷುದ್ರಪ್ರಶ್ನೆಯನ್ನು ಕೇಳುವ ಧೈರ್ಯ ನಮಗಾರಿಗೂ ಆಗಲಿಲ್ಲ. ಪುಸ್ತಕಗಳಿಗೆ ಹಣ ಕಳುಹಿಸಿದುದೂ ಆಯಿತು, ಅವು ಬಂದುದೂ ಆಯಿತು. ಅವುಗಳಲ್ಲಿ ಮೊದಲನೆಯದರ ಮುನ್ನುಡಿಯಲ್ಲಿಯೇ, ಮಾಲ್ಟಾದ ಪಕ್ಕದ ಗೋಜೋ ಎಂಬ ಪುಟ್ಟ ದ್ವೀಪದಲ್ಲಿ ಜನರ ಮಾತಿನ ಧಾಟಿಯೇ ಬೇರೆಯೆಂದೂ, ಅಲ್ಲಿಯೂ ಹಳ್ಳಿಯಿಂದ ಹಳ್ಳಿಗೆ ಉಚ್ಚಾರಣೆ ಬದಲಾಗುವುದೆಂದೂ ಬರೆದಿದ್ದಿತು.

ಮೀಮಾಂಸಕರು ಪುಸ್ತಕವನ್ನು ಅಲ್ಲಿಗೇ ಮಡಚಿ, ಗೋಜೋ ದ್ವೀಪದ ದೊಡ್ಡ ನಕ್ಷೆಯೊಂದನ್ನು ತರಿಸಿರುವರು. ಅದನ್ನು ಗೋಡೆಗೆ ಅಂಟಿಸಲು ಬೇಕಾದ ಟೇಪನ್ನು ಗೃಹಿಣಿ ನಾಲ್ಕನೆಯ ಮಾಳಿಗೆಯಿಂದ ಕೇಳಿ ತಂದುಕೊಟ್ಟರು.