ಕಡೂರಲ್ಲೇ ಹೇಳಿಬಿಡಿ

ಲಾರಿ ಡ್ರೈವರ್ ಅಂದರೆ ಸ್ಟೇರಿಂಗ್ ತಿರುಗಿಸುವವನು ಎಂದು ನಾವೆಲ್ಲ ನಂಬಿದ್ದೇವೆ. ನಮ್ಮ ಬೇಲಿಯಾಚೆಯ ಡ್ರೈವರಣ್ಣ ಇದನ್ನು ಸುತರಾಂ ಒಪ್ಪುವುದಿಲ್ಲ. ‘ತಿರುಗ್ಸೋದು ಕ್ಲೀನರ್ ಹುಡುಗನೂ ಕಲ್ತ್ಕೊಂತಾನೆ ಮೇಷ್ಟ್ರೇ. ಕಾಯೋದೈತಲ್ಲ, ಅದನ್ನ ಕಲಿಯಾಕೆ ಒಂದು ಆಯಸ್ಸೇ ಬೇಕು’ ಎನ್ನುತ್ತಾರೆ. ಘಾಟಿಯಲ್ಲಿ ಕಾಯುವುದು, ಬಂದರಿನ ಗೇಟಿನಲ್ಲಿ ಕಾಯುವುದು, ಮಂಡಿಯಲ್ಲಿ ಹಮಾಲರಿಗೆ ಕಾಯುವುದು, ಬ್ರೋಕರ್ ಆಫೀಸಿನ ಬೆಂಚಿನ ಮೇಲೆ ವಾಪಸ್ ಲೋಡಿಗೆ ಕಾಯುವುದು. ಈಗ ಮೊಣಕಾಲು ನೋವು ಬಂದು, ಗಾಡಿಯನ್ನು ಮಗನ ಕೈಗೆ ಕೊಟ್ಟು, ತೆಂಗಿನ ಬುಡಕ್ಕೆ ನೀರು ಹಾಯಿಸಲು ಕರೆಂಟಿಗೆ ಕಾಯುತ್ತಾರೆ. ಆ ಹೊತ್ತಿಗೆ ನಾನು ಬೇಲಿಗೆ ಸಿಕ್ಕಿಬೀಳುತ್ತೇನೆ.

ಮೂರು ಊರಿನ ಮಾಲು ಹೊತ್ತವರು ಅವರು. ಕಡೂರಿನ ತೆಂಗಿನಕಾಯಿ, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ. ಕಾಯಿ ಸಾಧು, ಎಲ್ಲಿ ನಿಲ್ಲಿಸಿದರೂ ನಿಂತಿರುತ್ತದೆ. ಉಳಿದೆರಡರ ಸುದ್ದಿ ಬೇರೆ. ‘ಈರುಳ್ಳಿಗೆ ಬಿಲ್ಲಿನ ಚಿಂತೆ ಇಲ್ಲ, ಕೊಳೆಯೋ ಚಿಂತೆ. ಅಡಿಕೆಗೆ ಕೊಳೆಯೋ ಚಿಂತೆ ಇಲ್ಲ, ಬಿಲ್ಲಿನ ಚಿಂತೆ.’ ಮಾತು ಸರಿಯೇ. ಹಸಿ ತರಕಾರಿಗೆ ಜಿಎಸ್‌ಟಿ ಇಲ್ಲ, ಸರಕಿನ ಜೊತೆ ಒಯ್ಯುವ ಇ-ವೇ ಬಿಲ್ಲೂ ಬೇಡ. ಒಣಗಿದ ಅಡಿಕೆಗೆ ಎರಡೂ ಬೇಕು. ಆ ಬಿಲ್ಲಿಗೆ ಆಯಸ್ಸು ಬೇರೆ ಉಂಟು: 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ. ಅದಕ್ಕೂ ಮೊದಲು 100 ಕಿಲೋಮೀಟರಿಗೇ ಒಂದು ದಿನ ಕೊಡುತ್ತಿದ್ದರು, ಈಗ ಲಾರಿಗಳು ಚುರುಕಾಗಿವೆ ಅನ್ನಿಸಿರಬೇಕು. ಈ ಲೆಕ್ಕ ಹಾಕಿದವರು ಲಾರಿ ಓಡುತ್ತಲೇ ಇರುತ್ತದೆ ಎಂದುಕೊಂಡವರು. ಗುಡ್ಡ ಜರಿದು ದಾರಿ ಮುಚ್ಚಿದರೆ ಲಾರಿ ನಿಲ್ಲುತ್ತದೆ, ಗಡಿಯಾರ ನಿಲ್ಲುವುದಿಲ್ಲ. ಬಿಲ್ಲು ತೀರುವ ಮುಂಚಿನ ಎಂಟು ಗಂಟೆಯಲ್ಲಿ ಅಥವಾ ತೀರಿದ ಎಂಟು ಗಂಟೆಯೊಳಗೆ ಕಾರಣ ಕೊಟ್ಟು ಮುಂದುವರಿಸಿಕೊಳ್ಳಬಹುದು, ನಿಜ. ಅದಕ್ಕೆ ಫೋನು ಸಿಗಬೇಕಲ್ಲ? ಘಾಟಿಯ ಎಷ್ಟೋ ತಿರುವುಗಳಲ್ಲಿ ನೆಟ್‌ವರ್ಕ್ ಇಲ್ಲ. ‘ಬಿಲ್ಲು ತೀರಿದ್ದು ಬೆಂಗ್ಳೂರಿನ ಕಂಪ್ಯೂಟರಿಗೆ ಗೊತ್ತಾಗ್ತೈತೆ, ನಾನು ಇನ್ನೂ ಬದುಕೀನಿ ಅಂತ ಮನೇರಿಗೆ ಗೊತ್ತಾಗಲ್ಲ’ ಅಂತ ಡ್ರೈವರಣ್ಣ ಒಮ್ಮೆ ಅಂದಿದ್ದರು.

ಈರುಳ್ಳಿಯದು ಇನ್ನೂ ಕಷ್ಟ. ಅಜ್ಜಂಪುರದ ಮುಂಗಾರು ಈರುಳ್ಳಿ ಕೀಳಲು ಬರುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ. ಘಾಟಿಗಳು ಕುಸಿಯುವುದೂ ಹೆಚ್ಚುಕಡಿಮೆ ಆಗಲೇ. ಟಾರ್ಪಾಲು ಮುಚ್ಚಿದರೆ ಒಳಗೆ ಬೆವರಿ ಕೊಳೆಯುತ್ತದೆ, ತೆಗೆದರೆ ಮಳೆ. ಅದೇ ಅಜ್ಜಂಪುರದಲ್ಲಿ ಅಮೃತ್‌ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದು ಹೆಸರಾದ ತಳಿ ಅದು. ಆ ಎತ್ತುಗಳನ್ನು ಕಂಡಾಗಲೆಲ್ಲ ಡ್ರೈವರಣ್ಣನಿಗೆ ಹೊಟ್ಟೆಕಿಚ್ಚು: ‘ಇವನ್ನ ಯಾವ ಚೆಕ್‌ಪೋಸ್ಟ್‌ನಾಗೂ ನಿಲ್ಸಿರಲಿಲ್ಲ ನೋಡಿ. ಹಿಂದೆ ಫಿರಂಗಿ ಇತ್ತಲ್ಲ.’

ಮೊನ್ನೆ ನಮ್ಮ ಮಾತು ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಡೋವರ್ ಅಂತ ಒಂದು ಬಂದರು. ಅಲ್ಲಿಂದ ಫ್ರಾನ್ಸಿನ ಕ್ಯಾಲೆಗೆ ಹಡಗಿನಲ್ಲಿ ಒಂದೂವರೆ ಗಂಟೆ ದಾರಿ. ಲಾರಿಗಳು ಸರಕಿನ ಸಮೇತ ಹಡಗಿನ ಹೊಟ್ಟೆಯೊಳಗೆ ನುಗ್ಗಿ, ಆಚೆ ದಡದಲ್ಲಿ ಇಳಿದು ಓಡುತ್ತವೆ. ಬಂದರು ಇರುವುದು ಸುಣ್ಣದ ಬಂಡೆಯ ಬುಡದ ಇಕ್ಕಟ್ಟಿನಲ್ಲಿ, ಒಳಗೆ ಸಾಲು ನಿಲ್ಲಲು ಜಾಗವಿಲ್ಲ. ಹಾಗಾಗಿ 2015ರಿಂದ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ದಟ್ಟಣೆ ಹೆಚ್ಚಾದರೆ ಬಂದರಿಗೆ ಹೋಗುವ ಲಾರಿಗಳೆಲ್ಲ ಊರಿನ ಹೊರಗೇ ಹೆದ್ದಾರಿಯ ಎಡಗಡೆಯ ಪಟ್ಟಿ ಹಿಡಿಯಬೇಕು, ವೇಗ ಇಳಿಸಬೇಕು, ಕೆಂಪು ದೀಪ ಕಂಡಲ್ಲಿ ನಿಲ್ಲಬೇಕು. ಒಳಗೆ ಜಾಗ ಆದಷ್ಟು ಹಸಿರು ದೀಪ ಕೊಟ್ಟು ಒಂದಷ್ಟು ಗಾಡಿ ಬಿಡುತ್ತಾರೆ. ಬಲಗಡೆಯಿಂದ ನುಸುಳಿ ಮುಂದೆ ಹೋದವನನ್ನು ಹಿಡಿದು ಸಾಲಿನ ಬಾಲಕ್ಕೆ ವಾಪಸ್ ಅಟ್ಟುತ್ತಾರೆ.

‘ಬಾಲಕ್ಕಾ?’ ಡ್ರೈವರಣ್ಣನ ಮುಖ ಅರಳಿತು. ‘ಫೈನ್ ಹಾಕಿ ಬಿಡಲ್ವಾ?’

ಬಿಡುವುದಿಲ್ಲ, ವಾಪಸ್ಸೇ ಎಂದೆ. ಇದೊಂದು ಕಾನೂನಿಗಾಗಿ ಇಂಗ್ಲೆಂಡಿನವರ ಹಳೆಯ ತಪ್ಪುಗಳನ್ನೆಲ್ಲ ಅವರು ಮಾಫಿ ಮಾಡಿದರು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡಿ, ಅವರು ಊಟದ ಹಾಲಿನೊಳಗೆ ಕುರ್ಚಿ ಹಿಂದೆ ನಿಲ್ಸಲ್ಲ. ಛತ್ರದ ಹೊರಗೇ ಕೂರ್ಸಿ, ಎಲೆ ಹಾಕ್ದಾಗ ಕರೀತಾರೆ. ನಮ್ದು ಉಲ್ಟಾ’ ಅಂದರು. ಉಲ್ಟಾ ಹೇಗೆ ಎಂದು ಕೇಳಿದ್ದೇ ತಡ, ಅವರು ಬೇಲಿಯ ಕಲ್ಲುಕಂಬದ ಮೇಲೆ ಬೆರಳಿನಿಂದ ನಕ್ಷೆ ಬರೆದರು.

ಕಡೂರಿನಿಂದ ಮಂಗಳೂರಿಗೆ ಮೂರು ದಾರಿ. ಬಾಣಾವರ, ಅರಸೀಕೆರೆ, ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಇಳಿಯುವುದು ಒಂದು. ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವುದು ಇನ್ನೊಂದು, ಚಿಕ್ಕಮಗಳೂರಿನವರು ಕೆ.ಎಂ. ರಸ್ತೆ ಅನ್ನುವುದು ಕಡೂರು–ಮಂಗಳೂರು ರಸ್ತೆಯನ್ನೇ. ಮೂರನೆಯದು ಹಿಂದಕ್ಕೆ ತಿರುಗಿ ತರೀಕೆರೆ, ಶಿವಮೊಗ್ಗ, ಹೊಸನಗರ, ಹುಲಿಕಲ್ ಘಾಟಿ, ಕುಂದಾಪುರ. ಆಗುಂಬೆಯ ಹೆಸರು ಎತ್ತಿದರೆ ದೊಡ್ಡ ಲಾರಿಯವರು ನಗುತ್ತಾರೆ, ಆ ಹದಿನಾಲ್ಕು ತಿರುವು ಅವರಿಗಲ್ಲ. ಅಂದರೆ ಲಾರಿ ಯಾವ ಕಡೆ ಮುಖ ಮಾಡಬೇಕು ಎಂಬುದು ತೀರ್ಮಾನವಾಗುವುದು ಕಡೂರಿನಲ್ಲಿ. ತರೀಕೆರೆಯ ಗಾಡಿಯಾದರೆ ತರೀಕೆರೆಯಲ್ಲಿ.

ಆದರೆ ದಾರಿ ಬಂದ್ ಎಂಬ ಸುದ್ದಿ ಸಿಗುವುದು ಎಲ್ಲಿ? ಶಿರಾಡಿಯಾದರೆ ಸಕಲೇಶಪುರ ದಾಟಿದ ಮೇಲೆ ದೋಣಿಗಲ್ಲಿನಲ್ಲೋ ಮಾರನಹಳ್ಳಿಯಲ್ಲೋ, ಮುಂದೆ ಕೆಂಪು ದೀಪಗಳ ಸಾಲು ಕಂಡಾಗ. ಚಾರ್ಮಾಡಿಯಾದರೆ ಕೊಟ್ಟಿಗೆಹಾರದಲ್ಲಿ, ನೀರ್‌ದೋಸೆ ತಿಂದು ಕೈ ತೊಳೆಯುವಾಗ. ಆಗ ಹಿಂದಕ್ಕೆ ತಿರುಗಿಸುವುದೆಂದರೆ ಡೀಸೆಲ್ಲೂ ಹೋಯಿತು, ದಿನವೂ ಹೋಯಿತು, ಬಾಡಿಗೆಯಲ್ಲಿ ಉಳಿಯುವ ನಾಲ್ಕು ಕಾಸೂ ಹೋಯಿತು.

ಇದು ಎಂದೋ ಒಮ್ಮೆ ಆಗುವ ಮಾತಾಗಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಾಂಕ್ರೀಟ್ ಹಾಕಲೆಂದು ಶಿರಾಡಿಯನ್ನು 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿದರು, 2018ರಲ್ಲಿ ಉಳಿದ ಭಾಗಕ್ಕೆಂದು ಮತ್ತೆ ಮುಚ್ಚಿದರು. ಅದೇ 2018ರ ಆಗಸ್ಟಿನಲ್ಲಿ ಕೊಡಗಿನ ಕಡೆ ಗುಡ್ಡಗಳು ಜರಿದು ಸಂಪಾಜೆ ದಾರಿಯೂ ಹೋಯಿತು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಕುಸಿಯಿತು. ಕಾರು, ಬೈಕಿಗೆ ಬೇಗ ಬಿಟ್ಟರು, ಭಾರಿ ಲಾರಿಗಳಿಗೆ ತಡೆ ಉಳಿಯಿತು. 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಪಲಿನ ಬಳಿ ಮಣ್ಣು ಬಂದು ಲಾರಿಗಳು ಸಾಲುಗಟ್ಟಿದವು. ಇವೆಲ್ಲ ದಾಟಿ ಇಳಿದರೆ ಮಂಗಳೂರಿನ ಪಣಂಬೂರು ಬಂದರು. 1974ರಲ್ಲಿ ಮೇಜರ್ ಬಂದರು ಎನ್ನಿಸಿಕೊಂಡ ಆ ಜಾಗದಲ್ಲಿ ಪಾಸು, ಲೈಸೆನ್ಸು, ಆರ್‌ಸಿ ತೋರಿಸಿ ಗೇಟು ದಾಟುವುದು ಒಂದು ಹಂತ. ಅದಿರು ಸಾಗಿಸುವ ಭರಾಟೆಯ ಕಾಲದಲ್ಲಿ ಘಾಟಿಯಿಂದ ಬಂದರಿನವರೆಗೂ ಕೆಂಪು ಧೂಳು ಮೆತ್ತಿದ ಲಾರಿಗಳೇ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿದ ಮೇಲೆ ಆ ಸಾಲು ಕರಗಿತು. ‘ಈರುಳ್ಳಿ ಗಾಡಿಯೋರಿಗೆ ಉಸಿರು ಬಂತು, ಅದಿರು ಗಾಡಿಯೋರು ಸಾಲದಾಗೆ ಮುಳುಗಿದ್ರು. ಯಾರಿಗೆ ಖುಷಿ ಪಡ್ಲಿ ಹೇಳಿ’ ಅನ್ನುತ್ತಾರೆ.

ಹಡಗಿಗೆ ಲಾರಿ ಹತ್ತಿಸಿದ ಅನುಭವ ಅವರಿಗಿಲ್ಲ. ರೈಲಿಗೆ ಹತ್ತಿಸಿದ್ದಾರೆ. ಕೊಂಕಣ ರೈಲ್ವೆಯವರು 1999ರಲ್ಲಿ ಶುರುಮಾಡಿದ ರೋ-ರೋ ಸೇವೆ ಆಮೇಲೆ ಸುರತ್ಕಲ್ಲಿಗೂ ಬಂತು. ಲಾರಿಯನ್ನು ಹಾಗೇ ಗೂಡ್ಸ್ ವ್ಯಾಗನ್ನಿನ ಮೇಲೆ ಓಡಿಸಿ, ಚಕ್ರ ಬಿಗಿದು, ಮಹಾರಾಷ್ಟ್ರದ ಕೊಲಾಡಿನವರೆಗೆ ಒಯ್ಯುತ್ತಾರೆ. ಡ್ರೈವರು, ಕ್ಲೀನರು ತಮ್ಮ ಕ್ಯಾಬಿನ್ನಿನಲ್ಲೇ ಕೂತು ಸುರಂಗ, ಸೇತುವೆ ಎಣಿಸಬಹುದು. ‘ಸೀಟಿನಾಗೆ ಕೂತೀನಿ, ಗಾಡಿ ಓಡ್ತಾ ಐತೆ, ಬ್ರೇಕು ಮಾತ್ರ ನಂದಲ್ಲ. ಹೆದರಿಕೆಗೆ ರಾತ್ರಿಯೆಲ್ಲಾ ಕಾಲು ಬ್ರೇಕಿನ ಮೇಲೇ ಇತ್ತು’ ಎಂದು ನಗುತ್ತಾರೆ. ಲಾಂಚು ಅಂದರೆ ಅವರಿಗೆ ಸಿಗಂದೂರು. ಹೊಳೆಬಾಗಿಲಿನಲ್ಲಿ ಲಾಂಚಿನವರು ಯಾವ ಬಸ್ಸು ಮೊದಲು, ಯಾವ ಕಾರು ಆಮೇಲೆ ಎಂದು ಕೈಸನ್ನೆಯಲ್ಲೇ ಹೇಳುತ್ತಿದ್ದರು. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದರೆ ವಾಹನಗಳನ್ನೇ ಬಿಡುತ್ತಿರಲಿಲ್ಲ, ಜನ ಮಾತ್ರ. ಈಗ ಅಲ್ಲಿ ಸೇತುವೆಯಾಗಿದೆ, 2025ರ ಜುಲೈ 14ಕ್ಕೆ ಉದ್ಘಾಟನೆಯೂ ಆಯಿತು.

ಇಷ್ಟು ಹೊತ್ತು ಒಳಗಿಂದ ಕೇಳಿಸಿಕೊಳ್ಳುತ್ತಿದ್ದ ಡ್ರೈವರಣ್ಣನ ಹೆಂಡತಿ, ನಮ್ಮ ಅತ್ತಿಗೆ, ಮೊರದ ಸಮೇತ ಹೊರಗೆ ಬಂದರು. ‘ಅಲ್ರೀ, ಆ ಡೋವರಿನಂಗೆ ಅಷ್ಟೂ ಲಾರಿ ಕಡೂರಲ್ಲಿ ನಿಂತ್ರೆ ನಾವೇನು ಮಾಡ್ಬೇಕು? ಹಾರ್ನು, ಹೊಗೆ, ಧೂಳು. ಅಷ್ಟು ಜನ ಕಕ್ಕಸಿಗೆ ಎಲ್ಲಿಗೆ ಹೋಗ್ತಾರೆ, ನಮ್ಮ ತೋಟಕ್ಕಾ?’

ಪ್ರಶ್ನೆ ಸಣ್ಣದಲ್ಲ. ಡೋವರಿನ ಹಿಂದಿನ ಕೆಂಟ್ ಸೀಮೆಯ ಜನ ಹೀಗೇ ಕೂಗಾಡಿದ್ದರು. 2015ರ ಬೇಸಿಗೆಯಲ್ಲಿ ಕ್ಯಾಲೆಯಲ್ಲಿ ಹಡಗಿನ ನೌಕರರು ಮುಷ್ಕರ ಹೂಡಿದಾಗ ಅವರ ಹೆದ್ದಾರಿಯೇ ಲಾರಿ ನಿಲ್ದಾಣವಾಯಿತು. 2020ರ ಡಿಸೆಂಬರಿನಲ್ಲಿ ಕೋವಿಡ್ಡಿನ ಹೊಸ ತಳಿಗೆ ಹೆದರಿ ಫ್ರಾನ್ಸ್ ಗಡಿ ಮುಚ್ಚಿದಾಗ ಕ್ರಿಸ್‌ಮಸ್ ಹೊತ್ತಿಗೆ ಸಾವಿರಾರು ಡ್ರೈವರುಗಳು ಅಲ್ಲಿ ಸಿಕ್ಕಿಬಿದ್ದರು. ಊಟವಿಲ್ಲ, ಶೌಚಾಲಯ ಸಾಲದು ಎಂದು ಗೋಳಾಡಿದರು. ಗುರುದ್ವಾರದ ಸಿಖ್ಖರು ಅಡುಗೆ ಮಾಡಿ ಹೊತ್ತು ತಂದು ಬಡಿಸಿದರು. ಅತ್ತಿಗೆಗೆ ಇದನ್ನು ಹೇಳಿದೆ. ‘ಸಿಖ್ಖರು ಬಡಿಸ್ತಾರೆ ಸರಿ, ಕಡೂರಲ್ಲಿ ನಾನು ಬಡಿಸ್ಬೇಕಾಗ್ತೈತೆ’ ಅಂದರು.

‘ನಿಲ್ಸಿ ಅಂತ ಯಾರಂದ್ರು?’ ಡ್ರೈವರಣ್ಣ ತಿರುಗಿಬಿದ್ದರು. ‘ಅವ್ರಿಗೆ ಬಂದರಿನಾಗೆ ಜಾಗ ಇಲ್ಲ, ನಿಲ್ಸಲೇಬೇಕು. ನಮಗೆ ಮೂರು ದಾರಿ ಐತೆ. ಕಡೂರಲ್ಲಿ ಹೇಳಿದ್ರೆ ಸಾಕು, ನಿಲ್ಸೋದೇ ಬೇಡ. ಶಿರಾಡಿ ಬಂದ್ ಅಂತ ಒಂದು ಬೋರ್ಡು. ಕಂಡೋನು ಹಂಗೇ ಶಿವಮೊಗ್ಗ ಕಡೆ ತಿರುಗ್ಸ್ತಾನೆ.’

ವಾಟ್ಸ್ಯಾಪಿನಲ್ಲಿ ಸುದ್ದಿ ಬರುತ್ತದಲ್ಲ ಎಂದು ನಾನು ಬಾಯಿ ಹಾಕಿದೆ. ಬರುತ್ತದೆ, ಹೋದ ವರ್ಷದ ಗುಡ್ಡ ಕುಸಿತವೂ ಈ ವರ್ಷ ಬರುತ್ತದೆ ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾದರೆ ಬೋರ್ಡು ಯಾಕಿಲ್ಲ? ನನಗೆ ತೋಚಿದ ಕಾರಣ ಇಷ್ಟೇ. ಶಿರಾಡಿ ಮುಚ್ಚುವ ಆದೇಶ ಹೊರಡಿಸುವವರು ಹಾಸನದ ಜಿಲ್ಲಾಧಿಕಾರಿ. ಗುಂಡ್ಯದಿಂದ ಕೆಳಗೆ ದಕ್ಷಿಣ ಕನ್ನಡದವರ ಮಾತು ನಡೆಯುತ್ತದೆ. ರಸ್ತೆ ಹೆದ್ದಾರಿ ಪ್ರಾಧಿಕಾರದ್ದು. ಕಡೂರು ಚಿಕ್ಕಮಗಳೂರು ಜಿಲ್ಲೆಯ ಊರು. ಹಾಸನದವರ ಆದೇಶ ಬಾಣಾವರದಿಂದ ಈಚೆಗೆ ಯಾರಿಗೂ ಸಂಬಂಧಿಸಿದ್ದಲ್ಲ, ಲಾರಿಯವರನ್ನು ಬಿಟ್ಟು.

‘ಹಂಗಾದ್ರೆ ನೀವೊಂದು ಅರ್ಜಿ ಬರೀರಿ ಮೇಷ್ಟ್ರೇ.’

‘ಯಾರಿಗೆ?’

‘ನಾಲ್ಕೂ ಜನಕ್ಕೆ. ನಾಲ್ಕು ಪ್ರತಿ ತೆಗೀರಿ, ಜೆರಾಕ್ಸ್ ದುಡ್ಡು ನಂದು.’

‘ಐದು ತೆಗೀರಿ’ ಅಂದರು ಅತ್ತಿಗೆ. ‘ಪುರಸಭೆಗೂ ಒಂದಿರ್ಲಿ. ಆ ಕಕ್ಕಸಿನ ವಿಷಯ ಬರ್ಯೋದು ಮಾತ್ರ ಮರೀಬ್ಯಾಡಿ.’