ಕಲ್ಲೆಸೆದ ಪಕ್ಷಿಪ್ರೇಮಿಗೊಂದು ಬಹಿರಂಗ ಪತ್ರ

ಹಸಿರು ಅಂಗಿಯ, ಮೊಳದುದ್ದ ಲೆನ್ಸಿನ ಪಕ್ಷಿಪ್ರೇಮಿಗಳೇ,

ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದಾಚೆಯ ಗೋಮಾಳದಲ್ಲಿ, ಹೊಂಗೆಮರದ ಬುಡದಲ್ಲಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕೂತಿದ್ದ ಮುದುಕ ನಾನೇ. ಇನ್ನೊಂದು ಚಪ್ಪಲಿ ಕೆಸರಲ್ಲಿ ಉಳಿದಿದೆ. ಸಿಕ್ಕರೆ ಫೋಟೋ ತೆಗೆಯಿರಿ, ಹಾರಿಹೋಗುವುದಿಲ್ಲ.

ಕನ್ನಂಬಾಡಿ ಕಟ್ಟೆ ತುಂಬಿ ಹೊಳೆಗೆ ನೀರು ಬಿಟ್ಟಿದ್ದರು. ಹಾಗೆ ಬಿಟ್ಟಾಗ ರಂಗನತಿಟ್ಟಿನ ದೋಣಿ ನಿಲ್ಲುತ್ತದೆ, ನನ್ನಂಥವರು ಗೋಮಾಳಕ್ಕೆ ಬರುತ್ತೇವೆ. ಹುಲ್ಲಿನ ಮೇಲೆ ಮೊಣಕಾಲುದ್ದ ನೀರು, ನೀರಲ್ಲಿ ಬಸವನಹುಳು, ಹುಳುವಿನ ಹಿಂದೆ ಬಾಯಿಕಳಕ ಕೊಕ್ಕರೆ. ಎಣಿಸಿದೆ, 23 ಇದ್ದವು.

ಬಾಯಿಕಳಕ ಗೊತ್ತಲ್ಲ? ಬಾಯಿ ಮುಚ್ಚಿದರೂ ಕೊಕ್ಕಿನ ನಡುವೆ ಸಂದಿ ಉಳಿಯುತ್ತದೆ. ಮರಿಯಲ್ಲಿ ಆ ಸಂದಿ ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ನಿಮ್ಮ ಬಳಗಕ್ಕೂ ಹಾಗೇ ಆಗಿರಬೇಕು. ಒಂದೇ ವ್ಯತ್ಯಾಸ, ಅದು ಬಾಯಿ ಕಳೆದುಕೊಂಡೂ ಸುಮ್ಮನಿರುತ್ತದೆ.

ಕಾರಿನ ಹಾಡು ಸಹಿಸಿದೆ. ಲೆನ್ಸಿನ ಕಂತಿನ ಲೆಕ್ಕ, ತಟ್ಟೆ ಇಡ್ಲಿಯ ಪ್ಲಾಸ್ಟಿಕ್ಕು, ಅದೂ ಇರಲಿ. ಆದರೆ ಕಲ್ಲು ಯಾಕೆ ಎಸೆದಿರಿ?

‘ಫ್ಲೈಟ್ ಶಾಟ್ ಬೇಕಿತ್ತು ಸಾರ್’ ಅಂದಿರಿ. ಫ್ಲೈಟ್ ಬೇಕಿದ್ದರೆ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಬೇಕಿತ್ತು. ಅಲ್ಲಿ ಕಲ್ಲಿಲ್ಲದೆಯೂ ಹಾರುತ್ತವೆ.

ಎರಡೂವರೆ ಗಂಟೆ ಕೂತಿದ್ದೆ ಸ್ವಾಮಿ. ಮಂಡಿ ನೋವು ಬೇರೆ. ಅಷ್ಟು ಹೊತ್ತು ಕೂತ ಮೇಲೆ ಒಂದು ಬಾಯಿಕಳಕ ಹತ್ತು ಮಾರು ಹತ್ತಿರ ಬಂದು, ಹುಳುವನ್ನು ಚಿಪ್ಪಿನಿಂದ ಬಿಡಿಸತೊಡಗಿತ್ತು. ಚಿಪ್ಪು ಒಡೆಯದೆ ಹುಳು ತೆಗೆಯುವ ಆ ಕೆಲಸಗಾರಿಕೆ ನೋಡಲೆಂದೇ ಮೊದಲ ಬಸ್ಸು ಹಿಡಿದು ಬಂದಿದ್ದು. ಆಗಲೇ ನಿಮ್ಮ ಕಲ್ಲು ಬಿತ್ತು. 23ಕ್ಕೆ 23 ಎದ್ದವು. ಜೊತೆಗೆ ಹಳದಿ ಸಿಪಿಲೆಗಳೂ ಎದ್ದವು. ಉತ್ತರದ ಚಳಿ ತಪ್ಪಿಸಿಕೊಂಡು ಸಾವಿರಾರು ಕಿಲೋಮೀಟರ್ ಹಾರಿ ಈಗತಾನೇ ಇಳಿದವು ಅವು. ಈ ವರ್ಷದ ಪಾಲಿನ ಫ್ಲೈಟ್ ಶಾಟ್ ಕೊಟ್ಟು ಮುಗಿಸಿದ್ದವು.

ಪಕ್ಷಿತಜ್ಞ ಸಲೀಂ ಅಲಿಯವರ ಹೆಸರು ನಿಮ್ಮ ಅಂಗಿಯ ಬೆನ್ನ ಮೇಲಿತ್ತು. 1940ರಲ್ಲಿ ಅವರು ಹೇಳಿದ್ದಕ್ಕೆ ಮೈಸೂರು ಅರಸರು ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದರು. ಅಧ್ಯಯನಕ್ಕೆಂದು ಹಕ್ಕಿಗೆ ಗುಂಡು ಹೊಡೆದವರೇ ಅವರು, ಅದನ್ನು ಮುಚ್ಚಿಡಲೂ ಇಲ್ಲ. ನೀವು ಕಲ್ಲು ಹೊಡೆದು, ಚಿತ್ರದ ಕೆಳಗೆ ‘ಸ್ವಾತಂತ್ರ್ಯದ ರೆಕ್ಕೆ’ ಎಂದು ಬರೆಯುತ್ತೀರಿ. ನಾಚಿಕೆಯಾಗಬೇಕು.

ಬಯ್ಯಬಾರದು ಅಂದುಕೊಂಡೇ ಪೆನ್ನು ಹಿಡಿದಿದ್ದೆ, ಆಗಲಿಲ್ಲ.

ಬರುವ ಭಾನುವಾರವೂ ಆ ಹೊಂಗೆಮರದ ಕೆಳಗೇ ಇರುತ್ತೇನೆ. ಬರುವುದಾದರೆ ಕೈ ಜೇಬಿನಲ್ಲಿಟ್ಟುಕೊಂಡು ಬನ್ನಿ, ಬಾಯಿಕಳಕದಷ್ಟಾದರೂ ಸುಮ್ಮನಿರಿ. ಆಗದಿದ್ದರೆ ಮಂಡಕಳ್ಳಿ ಇದ್ದೇ ಇದೆ. ಚಪ್ಪಲಿ ಎಡಗಾಲಿನದು, ಕಂದು ಬಣ್ಣ.

ಇಂತಿ,
ಒಂಟಿ ಚಪ್ಪಲಿಯವ