ಚಿತ್ರದ ಮುಂದಿನಿಂದ ಕದಲುವ ಕ್ರಮ

ಚಿತ್ರಸಂತೆ ಎಂಬುದು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ನೆರೆಯುವ ಸಂತೆ. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದನ್ನು 2003ರಲ್ಲಿ ಶುರುಮಾಡಿತು. ಆ ದಿನ ರಸ್ತೆಗೆ ವಾಹನಗಳನ್ನು ಬಿಡುವುದಿಲ್ಲ. ವಾಹನ ನಿಂತುಹೋದ ರಸ್ತೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ, ವಾಹನವೇ ಇಲ್ಲದ ರಸ್ತೆ ಅಪರೂಪ. ಅದನ್ನು ನೋಡುವುದಕ್ಕೆಂದೇ ಒಂದಷ್ಟು ಜನ ಬರುತ್ತಾರೆ. ಉಳಿದವರು ಸಾವಿರಕ್ಕೂ ಮಿಕ್ಕಿದ ಕಲಾವಿದರ ಕೆಲಸ ನೋಡಲು ಬಂದವರು, ಅಥವಾ ಹಾಗೆಂದು ಮನೆಯಲ್ಲಿ ಹೇಳಿ ಬಂದವರು. ಕೊರೊನಾ ಕಾಲದ 2021ರಲ್ಲಿ ಸಂತೆ ಆನ್‌ಲೈನ್ ಆಗಿತ್ತು. ಮುಂದೆ ವಿವರಿಸಲಿರುವ ಸಮಸ್ಯೆ ಆ ಒಂದು ವರ್ಷ ಯಾರನ್ನೂ ಕಾಡಲಿಲ್ಲ. ಪರದೆಯ ಮೇಲಿನ ಚಿತ್ರವನ್ನು ಬೆರಳಲ್ಲಿ ಸರಿಸಿದರೆ ಮುಗಿಯುತ್ತಿತ್ತು.

ಕನ್ನಡದ ನೋಡುಗನ ಕಣ್ಣು ಪಳಗಿದ್ದು ಎಂ.ಟಿ.ವಿ. ಆಚಾರ್ಯರ ‘ಚಂದಮಾಮ’ ಮುಖಪುಟಗಳಲ್ಲಿ, ಆಮೇಲೆ ವಾರಪತ್ರಿಕೆಗಳ ಕತೆಯ ಚಿತ್ರಗಳಲ್ಲಿ. ಅಲ್ಲಿ ನಾಯಕಿ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದಳು. ಯಾಕೆ ನಿಂತಿದ್ದಾಳೆಂದು ಪಕ್ಕದ ಕಾಲಮ್ಮಿನಲ್ಲಿ ಓದಿಕೊಳ್ಳಬಹುದಿತ್ತು. ಸಂತೆಯ ಚಿತ್ರಕ್ಕೆ ಪಕ್ಕದ ಕಾಲಮ್ಮು ಇಲ್ಲ. ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಲಾವಿದೆಯೇ ಕೂತಿರುತ್ತಾಳೆ.

ಅವಳು ಮೈಸೂರಿನ ಕಲಾಶಾಲೆ ಕಾವಾದಿಂದಲೋ ಧಾರವಾಡದ ಹಾಲಭಾವಿ ಶಾಲೆಯಿಂದಲೋ ಪರಿಷತ್ತಿನದೇ ಕಾಲೇಜಿನಿಂದಲೋ ಈಚೆಗಷ್ಟೇ ಹೊರಬಂದವಳು. ಹೊಸಬರ ಕೆಲಸವನ್ನು ಹುಡುಕುವುದಕ್ಕೆ ಒಂದು ಉಪಾಯವಿದೆ: ಬುದ್ಧನ ಮುಖ, ಓಡುವ ಏಳು ಕುದುರೆ, ಕೊಳಲಿನ ಕೃಷ್ಣ ಇವಿಷ್ಟನ್ನು ದಾಟುತ್ತ ಹೋಗುವುದು. ಇದಕ್ಕೆ ಸುಮಾರು ಹೊತ್ತು ಹಿಡಿಯುತ್ತದೆ. ದೊಡ್ಡ ಕ್ಯಾನ್ವಾಸುಗಳಲ್ಲಿ ಕಾಣಸಿಗದ ತುಂಟತನ ಎಷ್ಟೋ ಸಲ ಸಣ್ಣ ಮೇಜುಗಳ ಮೇಲಿನ ಪೋಸ್ಟ್‌ಕಾರ್ಡು, ಸ್ಟಿಕರು, ಕೈಯಲ್ಲೇ ಹೊಲಿದ ಪುಟಾಣಿ ಚಿತ್ರಪುಸ್ತಕಗಳಲ್ಲಿ ಸಿಗುತ್ತದೆ. ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವವನ ಮೊಣಕೈಯನ್ನು ಅಷ್ಟು ಸರಿಯಾಗಿ ಬರೆದವರನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಇನ್ನು ಮುಖ್ಯ ವಿಷಯ. ಚಿತ್ರದ ಮುಂದೆ ನಿಲ್ಲುವುದನ್ನು ಕುರಿತು ಕಲಾವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ನಿಂತ ಮೇಲೆ ಅಲ್ಲಿಂದ ಹೊರಡುವುದು ಹೇಗೆಂದು ಬರೆದವರು ಕಡಿಮೆ. ನೋಡುಗ ನಿಲ್ಲುವುದು ಹೆಚ್ಚಾಗಿ ಆಕಸ್ಮಿಕ: ಮುಂದಿನವರು ನಿಂತರು, ಹಿಂದಿನವರು ತಳ್ಳಿದರು, ಕಣ್ಣು ಒಂದು ನೀಲಿ ಚೌಕದ ಮೇಲೆ ಬಿತ್ತು. ಕೂಡಲೇ ಸ್ಟೂಲಿನ ಮೇಲಿನ ಬೆನ್ನು ನೆಟ್ಟಗಾಗುತ್ತದೆ. ಅವಳು ಏನೂ ಹೇಳುವುದಿಲ್ಲ, ಸುಮ್ಮನೆ ನಗುತ್ತಾಳೆ. ಅಲ್ಲಿಗೆ ನೋಡುಗ ಸಿಕ್ಕಿಬಿದ್ದ ಹಾಗೆ. ತಕ್ಷಣ ಹೊರಟರೆ ಅವಮಾನ ಮಾಡಿದಂತೆ, ತುಂಬ ಹೊತ್ತು ನಿಂತರೆ ಕೊಳ್ಳುವವನಂತೆ. ಇವೆರಡರ ನಡುವಿನ ಸರಿಯಾದ ಅವಧಿ ಇಷ್ಟೇ ಎಂದು ಯಾರೂ ಗೊತ್ತುಮಾಡಿಲ್ಲ. ಆದ್ದರಿಂದ ಅವನು ತಲೆಯನ್ನು ಎಡಕ್ಕೆ ವಾಲಿಸುತ್ತಾನೆ. ನೀಲಿ ಚೌಕ ನೀಲಿ ಚೌಕವಾಗಿಯೇ ಉಳಿಯುತ್ತದೆ. ಬಲಕ್ಕೆ ವಾಲಿಸುತ್ತಾನೆ. ಆಮೇಲೆ, ತಿಳಿದವರು ಮಾಡುವುದನ್ನು ಎಲ್ಲೋ ಕಂಡ ನೆನಪಿನಿಂದ, ಕಣ್ಣು ಕಿರಿದಾಗಿಸಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ರಸ್ತೆಯ ಆಚೆ ಬದಿಯಲ್ಲಿ ಇನ್ನೊಬ್ಬ ಇನ್ನೊಂದು ಚಿತ್ರದಿಂದ ಹೀಗೆಯೇ ಹಿಂದೆ ಸರಿಯುತ್ತಿರುತ್ತಾನೆ. ನಡುರಸ್ತೆಯಲ್ಲಿ ಎರಡು ಬೆನ್ನುಗಳು ಸಂಧಿಸುತ್ತವೆ. ‘ಸಾರಿ ಸರ್’, ‘ಪರವಾಗಿಲ್ಲ ಸರ್’ ಆದಮೇಲೆ ಇಬ್ಬರೂ ಜಾಣರಾಗಿದ್ದರೆ ಅಲ್ಲಿಂದಲೇ ಪಾರಾಗಬಹುದು. ಬಹುತೇಕರು ಮರ್ಯಾದೆಗೆ ಅಂಜಿ ಮತ್ತೆ ತಮ್ಮ ತಮ್ಮ ಚಿತ್ರದ ಮುಂದೆ ಹೋಗಿ ನಿಲ್ಲುತ್ತಾರೆ.

ಈಗ ಮಾತಾಡದೆ ವಿಧಿಯಿಲ್ಲ. ‘ಅಕ್ರಿಲಿಕ್ಕಾ?’ ಎಂಬುದು ಎಲ್ಲರೂ ಬಳಸುವ ಪ್ರಶ್ನೆ. ‘ಹೌದು ಅಂಕಲ್’ ಎಂದೊಡನೆ ಅದು ತೀರಿಹೋಗುತ್ತದೆ. ‘ಎಷ್ಟು ದಿನ ಹಿಡೀತಮ್ಮಾ?’ ಎಂಬುದನ್ನು ಅನುಭವಿಗಳು ಕೇಳುವುದಿಲ್ಲ, ಏಕೆಂದರೆ ‘ಮೂರು ತಿಂಗಳು’ ಎಂಬ ಉತ್ತರ ಬಂದರೆ ಬರಿಗೈಯಲ್ಲಿ ಹೊರಡುವ ದಾರಿ ಮುಚ್ಚಿದಂತೆಯೇ. ಕೊನೆಗೆ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಸರಿಯುವವರೂ ಇದ್ದಾರೆ. ಸಭ್ಯರು ‘ಒಂದ್ ರೌಂಡ್ ಹಾಕ್ಕೊಂಡ್ ಬರ್ತೀನಿ’ ಎನ್ನುತ್ತಾರೆ. ಬೆಳಗಿನಿಂದ ಅದೇ ಮಾತು ಕೇಳುತ್ತಿರುವ ಅವಳು ‘ಬನ್ನಿ ಅಂಕಲ್’ ಎನ್ನುತ್ತಾಳೆ.

ತೊಡಕೆಂದರೆ, ಗಾಡಿಯನ್ನು ಈ ತುದಿಯಲ್ಲಿ ನಿಲ್ಲಿಸಿದವನು ಆ ತುದಿಯವರೆಗೆ ಹೋಗಿ ಅದೇ ರಸ್ತೆಯಲ್ಲಿ ಮರಳಬೇಕು. ಅವನು ಆಚೆ ಬದಿ ಹಿಡಿಯುತ್ತಾನೆ. ಯಾರೋ ಕೊಂಡೊಯ್ಯುತ್ತಿರುವ ದೊಡ್ಡ ಗಣೇಶನ ಮರೆಯಲ್ಲಿ, ಗಣೇಶನ ವೇಗಕ್ಕೇ ಹೆಜ್ಜೆ ಹಾಕುತ್ತ ಬರುತ್ತಾನೆ. ಸರಿಯಾಗಿ ನೀಲಿ ಚೌಕದ ಎದುರಿಗೆ ಗಣೇಶನನ್ನು ಹೊತ್ತವರು ಕಬ್ಬಿನಹಾಲು ಕುಡಿಯಲು ಪಕ್ಕಕ್ಕೆ ತಿರುಗುತ್ತಾರೆ. ‘ರೌಂಡ್ ಆಯ್ತಾ ಅಂಕಲ್?’ ಎಂಬ ದನಿ ಕೇಳುತ್ತದೆ. ಇದಾದ ಮೇಲೆ ನಡೆಯುವ ವ್ಯಾಪಾರದಲ್ಲಿ ಒಂದು ಬುಕ್‌ಮಾರ್ಕು ಕೈ ಬದಲಾಯಿಸುತ್ತದೆ. ಪ್ರಸ್ತುತ ಲೇಖಕನ ಮನೆಯಲ್ಲಿ ಪುಸ್ತಕಗಳಿಗಿಂತ ಬುಕ್‌ಮಾರ್ಕುಗಳೇ ಹೆಚ್ಚಾಗಿರುವುದಕ್ಕೆ ಓದಿನ ಹವ್ಯಾಸ ಕಾರಣವಲ್ಲ.

ಸಂತೆಗೆ ಬರುವ ಬೇರೆ ಜಾತಿಗಳೂ ಇವೆ. ಚಿತ್ರವನ್ನು ಮೊಬೈಲಿನಲ್ಲಿ ನೆಟ್ಟಗೆ ಹಿಡಿದು, ಅಂಚು ಕತ್ತರಿಸದಂತೆ ಫೋಟೋ ತೆಗೆದು, ‘ಪ್ರಿಂಟ್ ಹಾಕಿಸಿದ್ರೆ ಆಯ್ತು’ ಎಂದು ಬರೆದವಳ ಎದುರಿಗೇ ಹೇಳುವವರು ಒಂದು. ಸೋಫಾದ ಬಟ್ಟೆಯ ಚೂರು ತಂದು ಅದಕ್ಕೆ ಹೊಂದುವುದನ್ನು ಕೇಳುವವರು ಇನ್ನೊಂದು. ಇವರು ಕೊನೆಗೆ ಕೊಳ್ಳುತ್ತಾರಾದ್ದರಿಂದ ಬೈಯುವಂತಿಲ್ಲ. ಮೂರನೆಯವರು ಚೌಕಾಶಿಯವರು. ಹಾಲಿನ ಗೋಡೆಗೆ ಟೆಕ್ಸ್ಚರ್ ಪೇಂಟು ಬಳಿಯಲು ಚದರಡಿ ಲೆಕ್ಕದಲ್ಲಿ ಮರುಮಾತಿಲ್ಲದೆ ದುಡ್ಡು ಎಣಿಸಿದವರು, ಅದೇ ಗೋಡೆಗೆ ಹಾಕುವ ಎರಡಡಿ ಕ್ಯಾನ್ವಾಸಿಗೆ ‘ಫ್ರೇಮ್ ಬಿಟ್ಟು ಎಷ್ಟು?’ ಎನ್ನುತ್ತಾರೆ. ಕ್ಯಾನ್ವಾಸು, ಬಣ್ಣ, ಫ್ರೇಮು, ಚಿತ್ರಗಳನ್ನು ಕಂಬಳಿಯಲ್ಲಿ ಸುತ್ತಿ ಕಲಬುರಗಿಯಿಂದ ತಂದ ರಾತ್ರಿ ಬಸ್ಸಿನ ಲಗೇಜು ಚಾರ್ಜು ಇಷ್ಟನ್ನೂ ಕಳೆದರೆ, ಹೇಳಿದ ಬೆಲೆಯಲ್ಲೇ ಕೈಗೆ ಉಳಿಯುವುದು ಅಷ್ಟರಲ್ಲೇ ಇರುತ್ತದೆ. ಸಂಜೆಯಾಗುತ್ತಿದ್ದಂತೆ ಬೆಲೆ ಇಳಿಯುತ್ತದೆ ಎಂದು ಕಾದು ಬರುವವರಿದ್ದಾರೆ. ಇಳಿಯುವುದು ನಿಜ. ವಾಪಸು ಹೊತ್ತೊಯ್ಯುವುದಕ್ಕೂ ಲಗೇಜು ಚಾರ್ಜು ಕೊಡಬೇಕು ಎಂಬುದು ಅದರ ಕಾರಣ.

ಕೊಂಡ ಚಿತ್ರವನ್ನು ಮನೆಯಲ್ಲಿ ತೂಗುಹಾಕುವ ಕ್ರಮ ಸರಳ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಕೂಡದೆಂಬ ಷರತ್ತಿರುವುದರಿಂದ ಅದನ್ನು ಟಿವಿಯ ಪಕ್ಕ ಗೋಡೆಗೊರಗಿಸುತ್ತಾರೆ. ಬಂದ ನೆಂಟರು ಮೊದಲು ‘ಎಷ್ಟಾಯ್ತು?’ ಎಂದು ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ‘ನಮ್ಮ ಪುಟ್ಟೀನೂ ಹೀಗೇ ಬರೀತಾಳೆ’ ಎನ್ನುತ್ತಾರೆ. ಹಾಗಾದರೆ ಪುಟ್ಟಿಯನ್ನು ಚಿತ್ರಕಲಾ ಕಾಲೇಜಿಗೆ ಸೇರಿಸುತ್ತೀರಾ ಎಂದರೆ, ಮಾತು ಪಿಯುಸಿ ಸೈನ್ಸು ಮತ್ತು ಸಿಇಟಿ ಕೋಚಿಂಗಿನ ಕಡೆಗೆ ಹೊರಳುತ್ತದೆ.